ವಾಡಿಯ ಪೇಟೆಯಲ್ಲಿ ಚೌಕಳಿ ಬಟ್ಟೆ

ಕಲಬುರಗಿಯಿಂದ ರಾಯಚೂರಿನ ಕಡೆಗೆ ಹೊರಟ ರೈಲು ಶಹಾಬಾದ್ ದಾಟಿದ ಸ್ವಲ್ಪ ಹೊತ್ತಿಗೆ ವೇಗ ತಗ್ಗಿಸುತ್ತದೆ. ಅಲ್ಲಿಯವರೆಗೆ ಜೊತೆಜೊತೆಯಾಗಿ ಬಂದ ಹಳಿಗಳು ಕವಲೊಡೆದು ಹತ್ತಾರಾಗುತ್ತವೆ. ಸಿಮೆಂಟ್ ಕಾರ್ಖಾನೆಯ ಎತ್ತರದ ಚಿಮಣಿಗಳು ಕಾಣಿಸಿಕೊಳ್ಳುತ್ತವೆ. ಅದೇ ವಾಡಿ ಜಂಕ್ಷನ್. ಮುಂಬೈ–ಚೆನ್ನೈ ಮಾರ್ಗದಿಂದ ಹೈದರಾಬಾದಿನ ಕಡೆಗೆ ಹಾದಿ ಒಡೆಯುವುದು ಇಲ್ಲಿಯೇ. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಓಡತೊಡಗಿದ ಮೇಲೆ ಈ ಹಳ್ಳಿಯ ಹೆಸರು ದೇಶದ ರೈಲ್ವೆ ನಕ್ಷೆಗೆ ಸೇರಿತು. 1960ರ ದಶಕದ ಕೊನೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂದ ನಂತರ ಹಳ್ಳಿ ಪಟ್ಟಣವಾಯಿತು. ಹೆಚ್ಚಿನ ಪ್ರಯಾಣಿಕರಿಗೆ ವಾಡಿ ಎಂದರೆ ಗಾಡಿ ನಿಂತಾಗ ಚಹಾ ಕುಡಿಯುವ ಜಾಗ, ಅಷ್ಟೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟು ಪೇಟೆ ನೋಡಿದವರು ಕಡಿಮೆ.

ಈ ಪೇಟೆಯನ್ನು ನೋಡಬೇಕಾದರೆ ಮೇ ಕೊನೆಯಲ್ಲೋ ಜೂನ್ ಮೊದಲ ವಾರದಲ್ಲೋ ಬರಬೇಕು. ಬಿಸಿಲು ಇನ್ನೂ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಾಲೆಗಳು ತೆರೆಯುತ್ತವೆ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಥಾನುಗಳು ಉರುಳಾಡುತ್ತವೆ. ಕೆಂಪು, ನೀಲಿ, ಹಸಿರು, ಕಂದು, ಬಹುಪಾಲು ಚೌಕಳಿಯವೇ. ಈ ಭಾಗದ ಹಿರಿಯರು ‘ಚೌಕಡಿ’ ಎನ್ನುತ್ತಾರೆ, ಉರ್ದು ಮನೆಮಾತಿನವರು ‘ಚೌಖಾನಾ’ ಎನ್ನುತ್ತಾರೆ, ಅಂಗಡಿಯ ಹುಡುಗ ‘ಚೆಕ್ಸ್’ ಎನ್ನುತ್ತಾನೆ. ಸುತ್ತಲಿನ ಹಳ್ಳಿ-ತಾಂಡಾಗಳಿಂದ ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಆಗ ನಡೆಯುವ ಮಾತು ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ.

“ಅಣ್ಣಾ, ಇಬ್ಬರಿಗೂ ಕೂಡಿ ಮೂರು ಮೀಟರ್ ಸಾಲ್ತದೇನ್ರಿ?”

“ಪ್ಲೇನ್ ಇದ್ರ ಸಾಲ್ತಿತ್ತಕ್ಕಾ. ಇದು ಚೆಕ್ಸ್ ಅದ. ಇನ್ನಾ ಅರ್ಧ ಮೀಟರ್ ತಗೋರಿ.”

ತಾಯಿಯ ಮುಖದಲ್ಲಿ ಸಂಶಯ ಮೂಡುತ್ತದೆ. ಕೂಲಿಯ ದುಡ್ಡಿನಲ್ಲಿ ಪಾಟಿಚೀಲ, ನೋಟ್‌ಬುಕ್ಕು, ಚಪ್ಪಲಿ ಎಲ್ಲವೂ ಆಗಬೇಕು. ಅರ್ಧ ಮೀಟರೆಂದರೆ ಸಣ್ಣ ಮಾತಲ್ಲ. ಇದು ವ್ಯಾಪಾರಿಯ ಜಾಣತನವೋ, ನಿಜವಾದ ಲೆಕ್ಕವೋ? ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾ ವಿಕಾಸ ಯೋಜನೆಯಲ್ಲಿ ಬಟ್ಟೆ ಉಚಿತವಾಗಿ ಸಿಗುತ್ತದೆ, ನಿಜ. ಖಾಸಗಿ ಶಾಲೆಯ ಪಾಲಕರಿಗೆ ಮಾತ್ರ ಈ ಪ್ರಶ್ನೆ ತಪ್ಪಿದ್ದಲ್ಲ.

ಲೆಕ್ಕವನ್ನೇ ನೋಡೋಣ. ಹತ್ತು ವರ್ಷದ ಹುಡುಗಿಗೆ ನೆರಿಗೆ ಸ್ಕರ್ಟ್ ಹೊಲಿಯಬೇಕು. ಸೊಂಟದ ಸುತ್ತಳತೆ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದಕ್ಕೊಂದು ತಾಗಿದಂತೆ ಪೂರ್ತಿ ಪ್ಲೀಟು ಹಿಡಿದರೆ ಮೂರು ಪಟ್ಟು ಬಟ್ಟೆ ಬೇಕು: 180 ಸೆಂ.ಮೀ. ಪನ್ನಾ 36 ಇಂಚಿನದಾದರೆ ಸುಮಾರು 91 ಸೆಂ.ಮೀ.; ಅಂದರೆ ಎರಡು ತುಂಡು ಜೋಡಿಸಬೇಕು. ಉದ್ದ 45, ಮೇಲಿನ ಹೊಲಿಗೆಗೆ 2, ಕೆಳಗಿನ ಮಡಿಕೆಗೆ 10, ಒಟ್ಟು 57 ಸೆಂ.ಮೀ. ಸಾದಾ ಬಟ್ಟೆಯಾದರೆ 57ರ ಎರಡು ತುಂಡು, 114 ಸೆಂ.ಮೀ.ಗೆ ಕೆಲಸ ಮುಗಿಯಿತು. ಚೌಕಳಿಯಲ್ಲಿ ಹಾಗಲ್ಲ. ವಿನ್ಯಾಸ 16 ಸೆಂ.ಮೀ.ಗೊಮ್ಮೆ ಮರುಕಳಿಸುತ್ತದೆ ಎನ್ನೋಣ. ಎರಡನೆಯ ತುಂಡು ಮೊದಲನೆಯದು ಶುರುವಾದ ಗೆರೆಯಿಂದಲೇ ಶುರುವಾಗಬೇಕು. ಇಲ್ಲವಾದರೆ ಜೋಡಿಸಿದಲ್ಲಿ ಒಂದು ಕಡೆಯ ಕೆಂಪು ಗೆರೆಯ ಎದುರಿಗೆ ಇನ್ನೊಂದು ಕಡೆಯ ಹಸಿರು ಚೌಕ ಬಂದು ಕೂರುತ್ತದೆ. 57ರ ನಂತರ ಬರುವ 16ರ ಗುಣಕ 64. ಹಾಗಾಗಿ 64 ಮತ್ತು 57 ಸೇರಿ 121 ಸೆಂ.ಮೀ. ಬೇಕು. ಸ್ಕರ್ಟ್ ಒಂದಕ್ಕೇ ಏಳು ಸೆಂ.ಮೀ. ಹೆಚ್ಚು. ಮೇಲಂಗಿ, ತೋಳು, ಕಾಲರು, ಜೇಬು ಇದ್ದರೆ ಪ್ರತಿಯೊಂದು ತುಂಡಿಗೂ ಇದೇ ಸೋರಿಕೆ. ವಿನ್ಯಾಸ ದೊಡ್ಡದಾದಷ್ಟೂ ಸೋರಿಕೆ ಹೆಚ್ಚು. ಅಂಗಡಿಯಾತ ಹೇಳಿದ ಅರ್ಧ ಮೀಟರಿನಲ್ಲಿ ಸತ್ಯವಿದೆ. ಆದರೆ ಚೌಕಗಳು ಬೆರಳಿನ ಅಗಲದಷ್ಟು ಚಿಕ್ಕವಾಗಿದ್ದರೆ ಅಷ್ಟೊಂದು ಬೇಕಾಗುವುದಿಲ್ಲ ಎಂಬುದೂ ಅಷ್ಟೇ ಸತ್ಯ! ಅಳತೆಪಟ್ಟಿ ಹಿಡಿದು ವಿನ್ಯಾಸ ಎಷ್ಟಕ್ಕೆ ಮರುಕಳಿಸುತ್ತದೆ ಎಂದು ಅಂಗಡಿಯಲ್ಲೇ ನೋಡಿಬಿಟ್ಟರೆ ವಾದಕ್ಕೆ ಎಡೆಯಿಲ್ಲ. ಈ ಕೆಲಸವನ್ನು ಜೊತೆಗೆ ಬಂದ ಹುಡುಗಿಗೇ ಒಪ್ಪಿಸಬಹುದು.

ಶಾಲೆಯ ಸ್ಕರ್ಟುಗಳ ಈ ದಪ್ಪ-ತೆಳು ಗೆರೆಗಳ ಚೌಕಳಿಗೆ ಮೂಲ ಹುಡುಕಿದರೆ ದಾರಿ ಸ್ಕಾಟ್‌ಲೆಂಡಿಗೆ ಹೋಗುತ್ತದೆ. ಅಲ್ಲಿ ಅದು ಟಾರ್ಟನ್. ಉಣ್ಣೆಯ ನೂಲಿನಲ್ಲಿ ನೇಯ್ದದ್ದು. ಹಾಸಿನಲ್ಲಿ ಯಾವ ಬಣ್ಣದ ಎಷ್ಟು ಎಳೆಗಳೋ ಹೊಕ್ಕಿನಲ್ಲೂ ಅದೇ ಬಣ್ಣದ ಅಷ್ಟೇ ಎಳೆಗಳು, ಅದೇ ಕ್ರಮದಲ್ಲಿ. ಬ್ರಿಟಿಷ್ ಅರಸನ ವಿರುದ್ಧದ ದಂಗೆ ಅಡಗಿದ ಮೇಲೆ 1746ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ, ಅಲ್ಲಿನ ಗುಡ್ಡಗಾಡಿನ ಗಂಡಸರು ಮತ್ತು ಹುಡುಗರು ಆ ಉಡುಪು ತೊಡುವುದನ್ನೇ ನಿಷೇಧಿಸಿತು. ಹೆಂಗಸರಿಗೆ ಆ ನಿಷೇಧವಿರಲಿಲ್ಲ. 1782ರಲ್ಲಿ ಕಾನೂನು ರದ್ದಾಯಿತು. ಮುಂದೆ ಅದೇ ಬಟ್ಟೆ ರಾಜಮನೆತನದ ಶೋಕಿಯಾಗಿ, ಇಂಗ್ಲಿಷ್ ಮಾದರಿಯ ಶಾಲೆಗಳ ಸಮವಸ್ತ್ರವಾಗಿ ಲೋಕವೆಲ್ಲ ಸುತ್ತಿತು. ಬಟ್ಟೆಯ ಹಣೆಬರಹವೂ ವಿಚಿತ್ರ.

ಗಣಿತ ಕಲಿಯುವವರಿಗೆ ಇದರಲ್ಲಿ ಇನ್ನೊಂದು ಸೊಗಸಿದೆ. ಎರಡು ಬಣ್ಣದ ನೂಲಿನಿಂದ ನೇಯ್ದ ಟಾರ್ಟನ್ನಿನಲ್ಲಿ ಕಣ್ಣಿಗೆ ಕಾಣುವುದು ಮೂರು ಬಣ್ಣ: ಎರಡು ಅಪ್ಪಟ, ಒಂದು ಬೆರಕೆ. ನಾಲ್ಕು ಬಣ್ಣದ ನೂಲಾದರೆ ಹತ್ತು. ಆರಾದರೆ ಇಪ್ಪತ್ತೊಂದು! ಅಪ್ಪಟ ಬಣ್ಣಗಳಿಗೆ, ಎರಡೆರಡು ಬಣ್ಣಗಳ ಎಲ್ಲ ಜೋಡಿಗಳನ್ನು ಸೇರಿಸಿದರೆ ಈ ಸಂಖ್ಯೆ ಬರುತ್ತದೆ. ದೂರದಿಂದ ನೋಡಿದಾಗ ಎಳೆಗಳು ಬೇರೆಬೇರೆಯಾಗಿ ಕಾಣದೆ ಬೆರೆತು ಹೊಸ ಬಣ್ಣವೆನಿಸುತ್ತವೆ. ಬಟ್ಟೆಯನ್ನು ಅಂಗೈಯ ದೂರದಲ್ಲಿಟ್ಟು ಆರಿಸುವುದು ತಪ್ಪು ಎನ್ನುವುದು ಇದಕ್ಕೇ. ನಾಲ್ಕು ಹೆಜ್ಜೆ ಹಿಂದೆ ಸರಿದು, ಟ್ಯೂಬ್‌ಲೈಟಿನಲ್ಲಲ್ಲದೆ ಹಗಲಿನ ಬೆಳಕಿನಲ್ಲಿ ನೋಡಬೇಕು. ಅಂದ ಹಾಗೆ, ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ಬಣ್ಣದ ಛಾಯಾಚಿತ್ರವನ್ನು ಮೊದಲಬಾರಿಗೆ ತೋರಿಸಿದಾಗ ಪರದೆಯ ಮೇಲೆ ಮೂಡಿದ್ದು ಟಾರ್ಟನ್ ರಿಬ್ಬನ್ನಿನದೊಂದು ಗಂಟು. ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ತೆಗೆದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಬಿಂಬಿಸಿದ್ದ. ಟಿ.ವಿ. ಪರದೆಯ ಬಣ್ಣಕ್ಕೂ ಇದೇ ಮೂಲ ತತ್ತ್ವ.

ಚೌಕಳಿಗಾಗಿ ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ. ವಾಡಿಯ ಸಂತೆಗೆ ಬರುವ ಅಜ್ಜಿಯರು ಉಡುವ ಇಳಕಲ್ ಸೀರೆಗಳಲ್ಲೇ ಚೌಕಡಿಯ ಒಡಲು ಉಂಟು. ಗದಗ ಜಿಲ್ಲೆಯ ಗಜೇಂದ್ರಗಡದ ಕಡೆಯ ‘ಪಟ್ಟೇದ ಅಂಚು’ ಸೀರೆಯಂತೂ ಸಣ್ಣ ಚೌಕಗಳಿಗೇ ಹೆಸರಾದದ್ದು. ಹರಿದ ಹತ್ತಿ ಸೀರೆಯ ಗಟ್ಟಿ ಭಾಗ ಕತ್ತರಿಸಿ ಮೊಮ್ಮಗಳಿಗೆ ಪರಕಾರ ಹೊಲಿಯುವ ರೂಢಿ ಈ ಸೀಮೆಯಲ್ಲಿ ಹಳೆಯದು. ಆದರೆ ಈಗ ಶಾಲೆಯ ಬಟ್ಟೆ ಬರುವ ದಾರಿ ಬೇರೆ. ರೈಲಿನಲ್ಲಿ 150 ಕಿ.ಮೀ. ದೂರದ ಸೊಲ್ಲಾಪುರ ಚಾದರಗಳಿಗೆ ಮಾತ್ರವಲ್ಲ, ಶಾಲಾ ಸಮವಸ್ತ್ರಗಳಿಗೂ ಹೆಸರಾದ ಊರು. ಪಾಲಿಯೆಸ್ಟರ್–ವಿಸ್ಕೋಸ್ ಬೆರಕೆ ಬಟ್ಟೆಗೆ ರಾಜಸ್ಥಾನದ ಭಿಲ್ವಾಡಾ ಪ್ರಸಿದ್ಧಿ. ಹತ್ತಿರದ ಕಲಬುರಗಿಯಲ್ಲಿ ನಿಜಾಮರ ಕಾಲದ ದೊಡ್ಡ ಬಟ್ಟೆ ಗಿರಣಿಯೇ ಇತ್ತು. ಅದು ಮುಚ್ಚಿ ವರ್ಷಗಳಾದವು, ಎಂ.ಎಸ್.ಕೆ. ಮಿಲ್ ಎಂಬ ಹೆಸರು ಬಡಾವಣೆಗೆ ಉಳಿದಿದೆ. ಕೇಂದ್ರ ಸರ್ಕಾರ 2023ರಲ್ಲಿ ಘೋಷಿಸಿದ ಏಳು ಬೃಹತ್ ಜವಳಿ ಪಾರ್ಕುಗಳ ಪಟ್ಟಿಯಲ್ಲಿ ಕಲಬುರಗಿಯ ಹೆಸರೂ ಇದೆ.

ವಾಡಿಯಂಥ ಊರಿಗೆ ಎಂಥ ಬಟ್ಟೆ ಒಪ್ಪುತ್ತದೆ? ಸ್ಕಾಟ್‌ಲೆಂಡಿನ ಉಣ್ಣೆಯ ಮಾತು ಬಿಡಿ, ದಪ್ಪ ಪಾಲಿಯೆಸ್ಟರ್ ಕೂಡ ಇಲ್ಲಿನ ಸೆಕೆಗೆ ಶಿಕ್ಷೆಯೇ. ಬೆವರು ಹೀರಿಕೊಳ್ಳದ ಬಟ್ಟೆ ತೊಟ್ಟು ತಗಡಿನ ಮಾಡಿನ ಕೋಣೆಯಲ್ಲಿ ಕೂತ ಹುಡುಗಿಗೆ ಪಾಠ ಎಷ್ಟು ತಲೆಗೆ ಹೋದೀತು? ಹತ್ತಿಯ ಪಾಲು ಹೆಚ್ಚಿದ್ದಷ್ಟೂ ಒಳ್ಳೆಯದು. ಹಾಗೆಂದು ಅಪ್ಪಟ ಹತ್ತಿ ಕುಗ್ಗುತ್ತದೆ, ಮುದುಡುತ್ತದೆ. ಇಸ್ತ್ರಿಗೆ ಪುರುಸೊತ್ತಿಲ್ಲದ ಮನೆಯವರು ಬೆರಕೆಯನ್ನೇ ಆರಿಸಿದರೆ ತಪ್ಪೆನ್ನಲಾಗದು. ಹತ್ತಿಯದಾದರೆ ಕತ್ತರಿ ಹಾಕುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಲೇಬೇಕು. ಒದ್ದೆ ಬಿಳಿ ಅರಿವೆಯಿಂದ ಗಾಢ ಗೆರೆಯನ್ನು ಉಜ್ಜಿ ನೋಡಬೇಕು. ಕೆಂಪು ಬಿಟ್ಟರೆ ಪಕ್ಕದ ಬಿಳಿ ಚೌಕ ಒಂದೇ ಒಗೆತಕ್ಕೆ ಗುಲಾಬಿಯಾದೀತು.

ಇನ್ನು ಇಲ್ಲಿನ ನೀರು. ನೆಲದಡಿಯೆಲ್ಲ ಸುಣ್ಣದ ಕಲ್ಲು. ಮನೆಮನೆಗೂ ಹಾಸುವ ಶಹಾಬಾದಿ ಫರಸಿ ಅದೇ, ಸಿಮೆಂಟಿಗೆ ಹೋಗುವ ಕಲ್ಲೂ ಅದೇ. ಮಳೆನೀರು ಇಂಗುವಾಗ ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಆ ಕಲ್ಲನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತದೆ. ಬೋರಿನ ನೀರು ಗಡಸಾಗುವುದು ಹೀಗೆ. ಅದರಲ್ಲಿ ಸಾಬೂನು ಹಾಕಿದರೆ ನೊರೆಯ ಬದಲು ಬಿಳಿ ಗಸಿ ಏಳುತ್ತದೆ. ಆ ಗಸಿ ಎಳೆಗಳ ನಡುವೆ ಕೂತು ಗಾಢ ನೀಲಿ, ಕಪ್ಪು, ಕಡುಹಸಿರು ಬಣ್ಣಗಳನ್ನು ಮಂಕಾಗಿಸುತ್ತದೆ. “ಎರಡ ತಿಂಗಳಿಗೇ ಬಣ್ಣ ಹೋತು” ಎಂದು ಅಂಗಡಿಯವನನ್ನು ಬೈಯುವ ಮುನ್ನ ಬಕೆಟ್ಟಿನ ನೀರನ್ನು ಒಮ್ಮೆ ನೋಡಬೇಕು. ಡಿಟರ್ಜೆಂಟ್ ಪುಡಿಗೆ ಈ ತೊಂದರೆ ಕಡಿಮೆ. ಬಟ್ಟೆಯ ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿದರೆ ಇನ್ನೂ ಕ್ಷೇಮ. ಬೂದು ಬೆರೆತ ಮಧ್ಯಮ ಬಣ್ಣದ ಚೌಕಳಿ ಈ ಊರಿನ ಧೂಳನ್ನು ಬಚ್ಚಿಡುವಷ್ಟು ಚೆನ್ನಾಗಿ ಬೇರಾವುದೂ ಬಚ್ಚಿಡದು.

ಬಟ್ಟೆ ಕೊಂಡದ್ದಾಯಿತು, ಇನ್ನು ದರ್ಜಿಯ ಸರದಿ. ಚೌಕಳಿ ಹೊಲಿಯುವುದರಲ್ಲಿ ದರ್ಜಿಯ ತಾಳ್ಮೆ ಬಯಲಾಗುತ್ತದೆ. ಬಲ್ಲವರು ಮೊದಲು ಒಂದು ಎಳೆ ಜಗ್ಗಿ ನೋಡುತ್ತಾರೆ. ಎಳೆ ಗೆರೆಯ ಜೊತೆಗೇ ಹೋದರೆ ಅದು ನೇಯ್ದ ಚೌಕಳಿ. ಗೆರೆ ಬಿಟ್ಟು ಓರೆಯಾಗಿ ಹೋದರೆ ಮೇಲೆ ಅಚ್ಚು ಹಾಕಿದ್ದು. ಅಂಥದ್ದು ಎಷ್ಟು ಹೊಂದಿಸಿದರೂ ಜೋಲುವಾಗ ವಕ್ರವೇ. ಆಮೇಲೆ ಒಂದು ಚೌಕದ ನಡುವೆ ಬಟ್ಟೆ ಮಡಚಿ, ಎರಡೂ ಕಡೆ ಗೆರೆಗಳ ಕ್ರಮ ಒಂದೇ ಇದೆಯೇ ನೋಡುತ್ತಾರೆ. ಇಲ್ಲವೆಂದರೆ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ತಲೆಮಾಡಿ ಕತ್ತರಿಸಬೇಕು. ತಿರುಗಿಮುರುಗಿ ಇಟ್ಟು ಬಟ್ಟೆ ಉಳಿಸುವ ಉಪಾಯ ಅಲ್ಲಿ ನಡೆಯದು. ಗೆರೆ ಹೊಂದಬೇಕಾದದ್ದು ಕತ್ತರಿಸಿದ ಅಂಚಿನಲ್ಲಲ್ಲ, ಹೊಲಿಗೆ ಬೀಳುವ ಜಾಗದಲ್ಲಿ. ಹೊಸಬರು ಎಡವುವುದು ಇಲ್ಲಿಯೇ. ಗುಂಡುಸೂಜಿ ಚುಚ್ಚಿ, ಕಚ್ಚಾ ಹೊಲಿಗೆ ಹಾಕಿಯೇ ಯಂತ್ರಕ್ಕೆ ಕೊಡಬೇಕು. ಯಾಕೆಂದರೆ ಯಂತ್ರದ ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದಕ್ಕೆ ತಳ್ಳುತ್ತದೆ, ಮೇಲಿನ ಪದರವನ್ನು ಒತ್ತುಪಾದದ ಘರ್ಷಣೆ ಹಿಂದೆ ಹಿಡಿಯುತ್ತದೆ. ಒಂದಡಿ ಹೊಲಿಯುವಷ್ಟರಲ್ಲಿ ಗೆರೆ ತಪ್ಪಿರುತ್ತದೆ.

ಎರಡು ತುಂಡಿನ ಜೋಡಣೆಯನ್ನು ಪ್ಲೀಟಿನ ಒಳಮಡಿಕೆಯಲ್ಲಿ ಅಡಗಿಸಿದರೆ ಯಾರಿಗೂ ಕಾಣದು. ಜೇಬು, ಕಾಲರುಗಳನ್ನು ಕ್ರಾಸ್ ಆಗಿ ಕತ್ತರಿಸಿದರೆ ಹೊಂದಿಸುವ ತಲೆನೋವೇ ಇಲ್ಲ, ನೋಡಲಿಕ್ಕೂ ಚೆಂದ. ದೊಡ್ಡ ಹುಡುಗಿಯರ ಚೂಡಿದಾರದ ಮೇಲಂಗಿಗೆ ಮುಂಭಾಗದ ನಡುಗೆರೆ ಕತ್ತಿನ ನಡುವಿಗೆ ಸರಿಯಾಗಿ ಬರಬೇಕು. ಪಕ್ಕದ ಹೊಲಿಗೆ ಕಂಕುಳಿಂದ ಕೆಳಗೆ ಹೊಂದಿದರೆ ಸಾಕು. ತೋಳಿನ ತಿರುವಿನಲ್ಲಿ ಪೂರ್ತಿ ಹೊಂದಿಸುತ್ತೇನೆಂದು ಹಟ ಹಿಡಿಯುವುದು ವ್ಯರ್ಥ, ವಕ್ರರೇಖೆಯಲ್ಲಿ ಅದು ಸಾಧ್ಯವೇ ಇಲ್ಲ. ಹೆಂಗಸರ ಉಡುಪಿನಲ್ಲಿ ದಪ್ಪ ಗಾಢ ಗೆರೆ ಸೊಂಟದ ಸುತ್ತ ಬರದಂತೆ ಇಟ್ಟರೆ ಮೈ ಅಗಲವಾಗಿ ಕಾಣದು. ಆ ಗೆರೆ ಕೆಳ ಅಂಚಿಗೆ ಬಂದರೆ ಒಪ್ಪ.

ತಾಯಂದಿರು ದರ್ಜಿಗೆ ಹೇಳುವ ಮಾತು ಮತ್ತೊಂದಿದೆ. “ಮುಂದಿನ ವರ್ಷಾನೂ ಇದೇ ಆಗಬೇಕ್ರಿ ಮಾಮಾ, ಜರಾ ದೊಡ್ಡದೇ ಹೊಲೀರಿ.” ಹುಡುಗಿ ಮುಖ ಊದಿಸುತ್ತಾಳೆ. ಜೋಲಾಡುವ ಅಂಗಿ ತೊಟ್ಟು ವರ್ಷವಿಡೀ ಗೆಳತಿಯರ ನಡುವೆ ನಿಲ್ಲುವವಳು ಅವಳಲ್ಲವೇ? ಇಬ್ಬರಿಗೂ ಒಪ್ಪುವ ಹಾದಿಯಿದೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಐದಾರು ಸೆಂ.ಮೀ. ಬೆಳೆಯುತ್ತಾರೆ, ಹನ್ನೊಂದು-ಹನ್ನೆರಡರ ಹೊತ್ತಿಗೆ ಹುಡುಗಿಯರ ಬೆಳವಣಿಗೆ ಇನ್ನೂ ಚುರುಕು. ಅಂಗಿಯನ್ನು ಈಗಿನ ಅಳತೆಗೇ ಹೊಲಿದು, ಬೆಳವಣಿಗೆಯನ್ನು ಒಳಗೆ ಮಡಚಿಡಬೇಕು. ಅದಕ್ಕೇ ಕೆಳಮಡಿಕೆಗೆ ಹತ್ತು ಸೆಂ.ಮೀ. ಲೆಕ್ಕ ಹಿಡಿದದ್ದು. ಪಕ್ಕದ ಹೊಲಿಗೆಗಳಲ್ಲೂ ಎರಡೆರಡು ಸೆಂ.ಮೀ. ಬಿಡಬೇಕು. ಸಾದಾ ಬಟ್ಟೆಯಲ್ಲಿ ಮಡಿಕೆ ಬಿಚ್ಚಿದಾಗ ಹಳೆಯ ಮಡಿಕೆಯ ಗುರುತು ಗೆರೆಯಾಗಿ ಉಳಿದು, ಹೋದ ವರ್ಷದ ಅಂಗಿಯೆಂದು ಎಲ್ಲರಿಗೂ ಸಾರುತ್ತದೆ. ಚೌಕಳಿಯಲ್ಲಿ ಮಡಿಕೆಯ ಏಣನ್ನು ಗಾಢ ಗೆರೆಯ ಮೇಲೆಯೇ ಬೀಳಿಸಿದರೆ ಬಿಚ್ಚಿದ ಮೇಲೂ ಆ ಗುರುತು ಗೆರೆಯೊಳಗೆ ಮುಚ್ಚಿಹೋಗುತ್ತದೆ. ಅರ್ಧ ಮೀಟರಿಗೆ ಕೊಟ್ಟ ದುಡ್ಡು ಎರಡನೆಯ ಜೂನ್‌ನಲ್ಲಿ ಹೀಗೆ ವಾಪಸು ಬರುತ್ತದೆ.

ಅಕ್ಕನಿಗೆ ಗಿಡ್ಡವಾದದ್ದು ತಂಗಿಗೆ ಹೋಗುತ್ತದೆ. ಮಡಿಕೆ ಮತ್ತೆ ಒಳಗೆ ಸೇರುತ್ತದೆ. ಅವಳಿಂದಲೂ ಉಳಿದರೆ ಕೊನೆಗೆ ಮನೆಯ ಹಿರಿಯಳ ಕೈಗೆ. ಆಕೆ ಗಟ್ಟಿ ಇರುವ ಚೌಕಗಳನ್ನು ಕತ್ತರಿಸಿ, ಹಳೆಯ ಇಳಕಲ್ ಸೀರೆಯ ತುಂಡುಗಳ ಪಕ್ಕದಲ್ಲಿಟ್ಟು, ಫರಸಿ ಹಾಸಿದ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಾಳೆ. ಅಲ್ಲಿ ಮಾತ್ರ ಗೆರೆಗೆ ಗೆರೆ ಹೊಂದಿಸುವ ಗೊಡವೆ ಆಕೆಗಿಲ್ಲ.