ನಿಂತಲ್ಲಿಯೇ ಓಡುವ ಬೈಸಿಕಲ್ಲು

ಮನೆಯೊಳಗೆ ಬೈಸಿಕಲ್ಲು ತುಳಿಯುವುದು ಬರಿಯ ವಿನೋದವೆಂದು ಭಾವಿಸುವವರುಂಟು. ಆದರೆ 2020ನೆಯ ಇಸವಿಯ ಡಿಸೆಂಬರಿನಲ್ಲಿ ಇದಕ್ಕೂ ಮೊದಲ ವಿಶ್ವಸ್ಪರ್ಧೆ ನಡೆಯಿತು. ಸ್ಪರ್ಧಿಗಳು ಇದ್ದೆಡೆಯಿಂದಲೇ ತುಳಿದರು. ಸ್ತ್ರೀಯರಲ್ಲಿ ದಕ್ಷಿಣ ಆಫ್ರಿಕದ ಆಶ್ಲಿ ಮೂಲ್ಮನ್ ಪಾಸಿಯೊ, ಪುರುಷರಲ್ಲಿ ಜರ್ಮನಿಯ ಜೇಸನ್ ಓಸ್ಬೋರ್ನ್ ಜಯಶೀಲರಾದರು.

ನನ್ನ ಮೊಮ್ಮಗನೂ ಮಳೆಗಾಲದಲ್ಲಿ ಈ ಅಭ್ಯಾಸವನ್ನು ಹಿಡಿದಿರುವನು. ಹಿಂದಿನ ಚಕ್ರವು ಒಂದು ಲೋಹದ ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಎದುರಿನ ತೆರೆಯ ಮೇಲೆ ಬೆಟ್ಟದ ದಾರಿ ಸರಿಯುತ್ತದೆ. ಆ ಉಜ್ಜಾಟಕ್ಕೆ ರಸ್ತೆಯ ಟಯರು ಬಿಸಿಯಾಗಿ ಬೇಗನೆ ಸವೆಯುವುದು. ಗುಬುಟುಗಳುಳ್ಳ ಟಯರಾದರೋ ಮನೆಯೆಲ್ಲ ಮೊಳಗುವಂತೆ ಸದ್ದುಮಾಡುವುದು. ಆದುದರಿಂದ ಬಿಸಿಯನ್ನು ತಾಳುವ, ಗಡುಸಾದ, ನುಣುಪಾದ ಟಯರೊಂದು ಇದಕ್ಕೆಂದೇ ದೊರೆಯುತ್ತದೆ. ಅದು ರಸ್ತೆಗೆ ಸಲ್ಲದು. ಒದ್ದೆ ನೆಲವನ್ನು ಹಿಡಿಯಲಾರದು.

1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ಗಾಳಿಯ ಟಯರಿಗೆ ಹಕ್ಕುಪತ್ರ ಪಡೆದುದರ ಮೂಲವು ಮಗನ ಮೂರು ಚಕ್ರದ ಬಂಡಿಯ ಕುಲುಕಾಟ. ಟಯರು ಹುಟ್ಟಿದುದೇ ದಾರಿಗಾಗಿ. ಅದರ ಧರ್ಮವನ್ನು ನಿರ್ಣಯಿಸುವುದೂ ದಾರಿಯೇ. ಶಾಸ್ತ್ರಜ್ಞರು ಅಧಿಕಾರಭೇದವೆನ್ನುವುದು ಇಂಥದನ್ನೇ ಅಲ್ಲವೇ?

ಮಳೆ ಬಿಟ್ಟೊಡನೆ ಹೊರಡುವ ಹುಡುಗನನ್ನು ತಡೆದು, “ಟಯರು ಬದಲಿಸಿದೆಯೇನಪ್ಪಾ?” ಎಂದು ಕೇಳುವುದು ನನ್ನ ನಿತ್ಯಕರ್ಮಗಳಲ್ಲೊಂದಾಗಿದೆ. ತೆರೆಯ ಮೇಲಿನ ತಿರುವಿನಲ್ಲಿ ಯಾರ ಮೊಣಕಾಲೂ ತರಚದು. ನಮ್ಮೂರಿನ ತಿರುವಿಗೆ ಆ ದಾಕ್ಷಿಣ್ಯವಿಲ್ಲ.