ಹುಣಿಸೆಮರದಡಿಯ ಅರವಟ್ಟಿಗೆ

ಬೆಂಗಳೂರಿನ ಸಂಸಾರವಂದಿಗರಿಗೆ ಈಚೆಗೆ ಹೊಸದೊಂದು ಯಾತ್ರಾಸ್ಥಳ ದೊರೆತಿದೆ. ಅದರ ಹೆಸರು ‘ರೆಸಾರ್ಟ್’. ಅಲ್ಲಿ ದೇವರಿಲ್ಲ, ತೀರ್ಥವಿಲ್ಲ. ಆದರೆ ಈಜುಕೊಳವಿದೆ, ಹುಲ್ಲುಹಾಸಿದೆ, ಮೂರು ಹೊತ್ತು ಬಗೆಬಗೆಯ ಊಟವಿದೆ. ಶನಿವಾರ ಹೊರಟು ಭಾನುವಾರ ಸಂಜೆ ಹಿಂದಿರುಗಿದರೆ ಪುಣ್ಯ ಸಂಪಾದನೆಯಾಯಿತೆಂದು ಲೆಕ್ಕ.

ನಮ್ಮ ಮನೆಯವರೂ ಕಳೆದ ಚಳಿಗಾಲದಲ್ಲಿ ಈ ಪುಣ್ಯಕ್ಕೆ ಆಸೆಪಟ್ಟರು. ತಂದೆಯವರಿಗೆ ಎರಡು ವರ್ಷದ ಹಿಂದೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದಂದಿನಿಂದ ನಾವು ಊರು ಬಿಟ್ಟು ಹೋಗಿರಲಿಲ್ಲ. “ದೂರ ಬೇಡ, ಘಾಟಿಯ ದರ್ಶನವೂ ಆಗಲಿ, ಮಗುವಿಗೆ ನೀರಾಟವೂ ಆಗಲಿ” ಎಂದು ಶ್ರೀಮತಿ ಸೂಚಿಸಿದಳು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಬೆಟ್ಟದ ಮಗ್ಗುಲಿನ ಒಂದು ರೆಸಾರ್ಟಿನಲ್ಲಿ ಎರಡು ಕೋಣೆಗಳನ್ನು ಗೊತ್ತುಮಾಡಿದೆವು. ಬಾಡಿಗೆ ಒಂದು ರಾತ್ರಿಗೆ 14,000 ರೂಪಾಯಿ. ಉಪನ್ಯಾಸಕನ ಸಂಬಳಕ್ಕೆ ಇದು ಸಣ್ಣ ಮೊತ್ತವಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ದೇವನಹಳ್ಳಿಯ ದಾರಿ

ಹೆಬ್ಬಾಳ, ಯಲಹಂಕಗಳನ್ನು ದಾಟಿ ಮೊದಲು ದೇವನಹಳ್ಳಿಗೆ ಹೋದೆವು. 2008ರ ಮೇ ತಿಂಗಳಲ್ಲಿ ಇಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ಮುಖವೇ ಬದಲಾಗಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಮೊಳೆತಿವೆ. ಊರಿಗೆ ಹೆಸರು ತಂದ ಚಕ್ಕೋತದ ಗಿಡಗಳನ್ನು ಹುಡುಕಬೇಕು. ಆದರೆ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದನೆಂದು ಹೇಳುವ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾದ ಕೋಟೆ ಮಾತ್ರ ತನ್ನ ಪಾಡಿಗೆ ತಾನು ನಿಂತಿದೆ. ಟಿಪ್ಪು ಹುಟ್ಟಿದ ಸ್ಥಳದ ಸಣ್ಣ ಕಲ್ಲುಮಂಟಪದ ಮುಂದೆ ಮಗಳು ನಿಂತು ಚಿತ್ರ ತೆಗೆಸಿಕೊಂಡಳು. ಮರುಕ್ಷಣವೇ ಅದು ಮೈಸೂರಿನ ಅಜ್ಜಿಗೆ ತಲುಪಿತು.

1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಬೇರೆಯಾದ ಗ್ರಾಮಾಂತರ ಜಿಲ್ಲೆಯಲ್ಲಿ, 2007ರಲ್ಲಿ ರಾಮನಗರ ಪ್ರತ್ಯೇಕವಾದ ಮೇಲೆ, ಉಳಿದವು ನಾಲ್ಕೇ ತಾಲ್ಲೂಕು: ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಆ ‘ಗ್ರಾಮಾಂತರ’ ಎಂಬ ಹೆಸರನ್ನೂ ತೆಗೆದು ‘ಬೆಂಗಳೂರು ಉತ್ತರ’ ಎಂದು ಮಾಡುವ ತೀರ್ಮಾನವನ್ನು 2025ರ ಜುಲೈಯಲ್ಲಿ ನಂದಿಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ ಕೈಗೊಂಡಿತು. ಹೆಸರು ಏನಾದರೂ ಆಗಲಿ, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಇನ್ನೂ ಮಗ್ಗದ ಸದ್ದು ಕೇಳುತ್ತದೆ. ಆ ಸದ್ದನ್ನು ದಾಟಿ ಬೆಟ್ಟದ ಕಡೆ ತಿರುಗಿದೊಡನೆ ನಮ್ಮ ಫೋನುಗಳು ಮೂಕವಾದವು.

ಚೀಟಿಯ ವ್ಯವಹಾರ

ಸ್ವಾಗತ ಕಚೇರಿಯಲ್ಲಿ ಹೂವು ಕೊಟ್ಟರು, ತಣ್ಣನೆಯ ಪಾನಕ ಕೊಟ್ಟರು. ಅನಂತರ ನಗುಮುಖದ ವ್ಯವಸ್ಥಾಪಕರು ಒಂದು ಪಟ್ಟಿಯನ್ನು ಮುಂದಿಟ್ಟರು. ಅದರ ಕೊನೆಯ ಸಾಲಿನಲ್ಲಿ, ಇರುವೆಯಂಥ ಅಕ್ಷರದಲ್ಲಿ, ಇಂಟರ್ನೆಟ್ಟಿಗೆ ಒಂದು ಉಪಕರಣಕ್ಕೆ ದಿನವೊಂದಕ್ಕೆ 250 ರೂಪಾಯಿ ಎಂದಿತ್ತು. ನನ್ನದು, ಶ್ರೀಮತಿಯದು, ಮಗಳ ಪಾಠದ್ದು, ಒಟ್ಟು ಮೂರು, 750 ರೂಪಾಯಿ.

“ಹದಿನಾಲ್ಕು ಸಾವಿರದಲ್ಲಿ ಇದು ಸೇರಿಲ್ಲವೆ?” ಎಂದೆ.

“ಇಲ್ಲ ಸಾರ್. ನೀವು ನೆಮ್ಮದಿಗಾಗಿ ಬಂದಿದ್ದೀರಿ. ಒಂದು ದಿನ ಇದೆಲ್ಲ ಬಿಟ್ಟು ಇರಲಿ ಎಂಬುದೇ ನಮ್ಮ ಆಶಯ” ಎಂದರು.

ಆ ಮಾತು ನನಗೆ ಹಿಡಿಸಿತೆಂದು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಹುಡುಗರ ಕಣ್ಣು ಮೇಜಿನ ಕೆಳಗಿನ ಫೋನಿನ ಮೇಲಿರುವುದನ್ನು ಕಂಡು ಬೇಸತ್ತವನು ನಾನು. “ಒಂದು ದಿನ ಇಂಟರ್ನೆಟ್ ಇಲ್ಲದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ” ಎಂದು ಗಂಭೀರವಾಗಿ ಘೋಷಿಸಿ ಪಟ್ಟಿಯನ್ನು ಹಿಂದಕ್ಕೆ ಕೊಟ್ಟೆ. ಶ್ರೀಮತಿ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಸುಮ್ಮನಾದಳು.

ಸಂಜೆ ನಿಜಕ್ಕೂ ಸೊಗಸಾಗಿತ್ತು. ಮಗಳು ನೀರಿನಿಂದ ಏಳಲೇ ಇಲ್ಲ. ತಂದೆಯವರು ಕಲ್ಲುಬೆಂಚಿನ ಮೇಲೆ ಕುಳಿತು, ಬೆಟ್ಟದ ನೆರಳು ಹೊಲದ ಮೇಲೆ ಹರಿಯುವುದನ್ನು ನೋಡುತ್ತ, ತಾವು ಮೇಷ್ಟರಾಗಿದ್ದ ಹಳ್ಳಿಯ ಕಥೆಗಳನ್ನು ಹೇಳಿದರು. ಎಷ್ಟೋ ತಿಂಗಳ ಮೇಲೆ ನಾವು ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಊಟ ಮಾಡಿದೆವು. ನನ್ನ ವಾದ ಗೆದ್ದಿತೆಂದು ಒಳಗೊಳಗೇ ಬೀಗಿದೆ.

ರಾತ್ರಿ ಒಂಬತ್ತು ಗಂಟೆ

ಕವಾಟದ ಶಸ್ತ್ರಚಿಕಿತ್ಸೆಯಾದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೊಂದಿದೆ. ಅದು ಕಡಿಮೆಯಾದರೆ ರಕ್ತ ಗಡ್ಡೆಕಟ್ಟುವ ಭಯ. ಹೆಚ್ಚಾದರೆ ಒಳಗೇ ರಕ್ತ ಸೋರುವ ಭಯ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಿ, ಅಂಕಿ ನೋಡಿ, ಮಾತ್ರೆಯ ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ. ಅಂದು ಬೆಳಗ್ಗೆ ಹೊರಡುವ ಮುನ್ನ ತಂದೆಯವರ ರಕ್ತ ಕೊಟ್ಟುಬಂದಿದ್ದೆವು. ವರದಿ ಸಂಜೆ ವಾಟ್ಸಾಪಿಗೆ ಬರತಕ್ಕದ್ದು. ಅದನ್ನು ವೈದ್ಯರಿಗೆ ಕಳುಹಿಸಿದರೆ ಅವರು ಉತ್ತರ ಕೊಡತಕ್ಕದ್ದು. ಮಧ್ಯಾಹ್ನ ಶ್ರೀಮತಿ ಹೇಳಹೊರಟಿದ್ದು ಇದನ್ನೇ.

ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದು ತಂದೆಯವರು, “ವರದಿ ಏನು ಬಂತಪ್ಪ?” ಎಂದು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು.

ಸ್ವಾಗತ ಕಚೇರಿಗೆ ಓಡಿದೆ. ವ್ಯವಸ್ಥಾಪಕರು ಮನೆಗೆ ಹೋಗಿದ್ದರು. ಕುಳಿತಿದ್ದ ಹುಡುಗನಿಗೆ ಇಂಟರ್ನೆಟ್ಟಿನ ಚೀಟಿ ಕೊಡುವ ಅಧಿಕಾರವಿರಲಿಲ್ಲ; ಗುಪ್ತಪದವೂ ತಿಳಿದಿರಲಿಲ್ಲ. 250 ಅಲ್ಲ, 2,500 ಕೊಡುತ್ತೇನೆಂದರೂ ಅವನು ಏನು ಮಾಡಿಯಾನು? ಅಲ್ಲಿದ್ದ ಸ್ಥಿರ ದೂರವಾಣಿಯಿಂದ ಪ್ರಯೋಗಾಲಯಕ್ಕೆ ಕರೆಮಾಡಿದೆ. ಬಾಗಿಲು ಮುಚ್ಚಿದ ಹೊತ್ತು, ಯಾರೂ ಎತ್ತಲಿಲ್ಲ. ಅಂಕಿಯಿಲ್ಲದೆ ವೈದ್ಯರನ್ನು ಏನೆಂದು ಕೇಳುವುದು?

ಆಗ ಬಾಗಿಲ ಬಳಿ ನಿಂತಿದ್ದ ರಾತ್ರಿ ಕಾವಲುಗಾರ, ಐವತ್ತರ ಆಚೀಚಿನ ಆಸಾಮಿ, ಟಾರ್ಚು ಹೊತ್ತಿಸಿದ. “ಬನ್ನಿ ಸಾ, ಗೇಟಿನಾಚೆ ಹುಣಿಸೇಮರದ ತಾವ ಸಿಗ್ನಲ್ ಸಿಕ್ತದೆ. ನನ್ ಫೋನಿಂದ ಹಾಕ್ಕೊಡ್ತೀನಿ” ಎಂದ.

ಮರದಡಿಯಲ್ಲಿ ನಾಲ್ಕೈದು ಫೋನುಗಳು ಮಿಣುಕುಹುಳುಗಳಂತೆ ಹೊಳೆಯುತ್ತಿದ್ದವು. ಅಡಿಗೆಮನೆಯವರು, ತೋಟದವರು, ಕೋಣೆ ಗುಡಿಸುವವರು, ಎಲ್ಲರೂ ಕೆಲಸ ಮುಗಿಸಿ ಮನೆಯವರೊಡನೆ ಮಾತಾಡಲು ಬರುವುದು ಅಲ್ಲಿಗೇ. ಕಾವಲುಗಾರ ತನ್ನ ಫೋನಿನ ಇಂಟರ್ನೆಟ್ಟನ್ನು ನನ್ನದಕ್ಕೆ ಹಂಚಿದ. ವರದಿ ಬಂದಿತ್ತು. ಅಂಕಿ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ವೈದ್ಯರಿಗೆ ಕಳುಹಿಸಿದ ಹತ್ತು ನಿಮಿಷಕ್ಕೆ ಉತ್ತರ ಬಂತು: ಈ ರಾತ್ರಿಯ ಮಾತ್ರೆ ಕೊಡಬೇಡಿ, ನಾಳೆ ಬೆಳಗ್ಗೆ ಮಾತಾಡೋಣ.

ನಾನು ಕೈಗೆ ಹಣವಿಡಲು ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, “ನೀರ್ ಕೊಟ್ಟುದ್ಕೆ ದುಡ್ ಈಸ್ಕಂತಾರಾ ಸಾ?” ಎಂದ.

ಹಿಂದಿರುಗುವಾಗ ಅಡಿಗೆಮನೆಯ ಹುಡುಗನೊಬ್ಬ ನನ್ನ ಉದ್ಯೋಗ ಕೇಳಿ ತಿಳಿದು ಬೆನ್ನುಹತ್ತಿದ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಕಟ್ಟಿದ್ದಾನಂತೆ, ಪಾಠಗಳನ್ನು ಕೇಳುವುದು ಆ ಮರದಡಿಯಲ್ಲೇ. ಕಂದಪದ್ಯದ ಆರನೆಯ ಗಣದ ನಿಯಮ ತಲೆಗೆ ಹತ್ತುತ್ತಿಲ್ಲ ಎಂದ. ಅಲ್ಲಿ ಮಧ್ಯಗುರುವಾದ ಗಣವಾಗಲಿ, ನಾಲ್ಕೂ ಲಘುವಾದ ಗಣವಾಗಲಿ ಬರಬೇಕೆಂದು ಟಾರ್ಚಿನ ಬೆಳಕಿನಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಆ ರಾತ್ರಿ ನಾನು ತೀರಿಸಬಹುದಾಗಿದ್ದ ಸಾಲ ಅಷ್ಟೇ.

ಛತ್ರದ ಧರ್ಮ

ಮರುದಿನ ಬೆಳಗ್ಗೆ ತಂದೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಛತ್ರದಲ್ಲಿ ಅನ್ನಕ್ಕೆ ದುಡ್ಡು ತೆಗೆದುಕೊಂಡಾರು, ನೀರಿಗೆ ತೆಗೆದುಕೊಳ್ಳುತ್ತಿರಲಿಲ್ಲ” ಎಂದರು.

ಆ ಮಾತನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ನಮ್ಮ ನಾಡಿನ ದಾರಿಗಳಲ್ಲಿ ಬೇಸಗೆಗೆ ಅರವಟ್ಟಿಗೆ ಇಡುತ್ತಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ 1903ರಲ್ಲಿ ತೆರೆದ ಗುಬ್ಬಿ ತೋಟದಪ್ಪನವರ ಛತ್ರ ಪ್ರಯಾಣಿಕರಿಗೆ ತಂಗಲು ಜಾಗ ಕೊಟ್ಟಿತು; ವಿದ್ಯಾರ್ಥಿಗಳಿಗೂ ಆಸರೆ ಕೊಟ್ಟಿತು. ದಾರಿಹೋಕನಿಗೆ ಯಾವುದು ಸೌಕರ್ಯ, ಯಾವುದು ಅಗತ್ಯ ಎಂಬ ವಿವೇಕ ಆ ಹಿರಿಯರಿಗಿತ್ತು. ಅಗತ್ಯವನ್ನು ಅವರು ಮಾರಲಿಲ್ಲ.

ಇಂಟರ್ನೆಟ್ ಅಗತ್ಯವೆ? ನಮ್ಮ ದೇಶದ ಜನಸಾಮಾನ್ಯರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಅದು ಶ್ರೀಮಂತರ ಆಟಿಕೆ. ಇಂದು ಔಷಧದ ಚೀಟಿ, ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ಟು, ತರಕಾರಿಯ ಹಣ, ಎಲ್ಲವೂ ಅದರಲ್ಲೇ ಹರಿಯುತ್ತವೆ. 2019ರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳದ ಉಚ್ಚ ನ್ಯಾಯಾಲಯ, ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂಟರ್ನೆಟ್ಟಿನ ಮೂಲಕ ಮಾತಾಡುವ, ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದಿತು. ಇವು ರೆಸಾರ್ಟಿನ ಬಾಡಿಗೆಯನ್ನು ಕುರಿತ ತೀರ್ಪುಗಳಲ್ಲ, ನಿಜ; ಆದರೆ ಕಾಲ ಯಾವ ಕಡೆ ನಡೆದಿದೆ ಎಂಬುದನ್ನು ತೋರಿಸುತ್ತವೆ.

ನೆಮ್ಮದಿಯ ಮಾತೇ? ಇಲ್ಲಿಂದ ಕಣ್ಣಳತೆಯಲ್ಲಿರುವ ನಂದಿಬೆಟ್ಟಕ್ಕೆ 1927ರ ಬೇಸಗೆಯಲ್ಲಿ ಗಾಂಧೀಜಿ ವಿಶ್ರಾಂತಿಗೆಂದೇ ಬಂದಿದ್ದರು. ದೇಹ ಬಹಳ ಬಳಲಿತ್ತು. ಆದರೂ ಅವರ ಪತ್ರವ್ಯವಹಾರ ನಿಲ್ಲಲಿಲ್ಲ. ವಿಶ್ರಾಂತಿಯೆಂದರೆ ಲೋಕದ ಬಾಗಿಲನ್ನು ಹೊರಗಿನಿಂದ ಯಾರೋ ಬೀಗ ಹಾಕುವುದಲ್ಲ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಚಿಲಕ ನಮ್ಮ ಕೈಯಲ್ಲಿರುವುದು.

ಕನ್ನಡಿಯ ಮುಖ

ಅಂದು ಘಾಟಿ ಸುಬ್ರಹ್ಮಣ್ಯನ ದರ್ಶನ ಮಾಡಿದೆವು. ಅಲ್ಲಿನ ವಿಗ್ರಹ ಅಪೂರ್ವವಾದುದು. ಪೂರ್ವಕ್ಕೆ ಸುಬ್ರಹ್ಮಣ್ಯ, ಅದೇ ಶಿಲೆಯ ಪಶ್ಚಿಮಕ್ಕೆ ನರಸಿಂಹ. ಹಿಂದಿನ ಮುಖ ಭಕ್ತರಿಗೆ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ನನ್ನ ಪ್ರಶ್ನೆಗೂ ಹಿಂದಿನದೊಂದು ಮುಖವಿದೆಯೆಂದು ಅಲ್ಲಿ ಹೊಳೆಯಿತು.

ಬೆಟ್ಟದ ಸಂದಿಗೆ ತಂತಿ ಎಳೆಯುವುದು ನಗರದ ಬೀದಿಯಲ್ಲಿ ಎಳೆದಂತಲ್ಲ. ಕಂಬ ನೆಡಬೇಕು, ವಿದ್ಯುತ್ ಹೋದಾಗ ನಡೆಸಬೇಕು, ಕೋಣೆಕೋಣೆಗೂ ಯಂತ್ರ ಕೂರಿಸಬೇಕು. ಯಾರು ಬಳಸಿದರೆಂಬ ದಾಖಲೆಯನ್ನೂ ಇಡಬೇಕು. ತೋಟದ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವ ರೈತನಿಗೆ ಇದು ಹೊರೆಯೇ ಸರಿ. ‘ಉಚಿತ’ವೆಂಬುದು ಎಲ್ಲೂ ಇಲ್ಲ, ಅದು ಬಾಡಿಗೆಯೊಳಗೆ ಅಡಗಿ ಕೂರುತ್ತದೆ, ಬಳಸದವನೂ ತೆರುತ್ತಾನೆ. ಆದರೆ ಈಜುಕೊಳದ ಕಥೆಯೂ ಅದೇ ಅಲ್ಲವೆ? ನನ್ನ ತಂದೆಯವರು ಅದಕ್ಕೆ ಕಾಲೂ ಇಡಲಿಲ್ಲ. ಅದರ ವೆಚ್ಚವನ್ನು ನಾವು ತೆತ್ತೆವು.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ ಪಡೆಯುವ ರೆಸಾರ್ಟು ಇಂಟರ್ನೆಟ್ಟನ್ನು ದೀಪ, ನೀರುಗಳ ಸಾಲಿನಲ್ಲಿ ಸೇರಿಸಬೇಕು. ಸಣ್ಣವರು ಕೊಡಲಾರರಾದರೆ ಅದನ್ನು ಕೋಣೆ ಗೊತ್ತುಮಾಡುವ ಮುನ್ನವೇ ದಪ್ಪಕ್ಷರದಲ್ಲಿ ಹೇಳಬೇಕು; ಸ್ವಾಗತ ಕಚೇರಿಯಲ್ಲಾದರೂ ತುರ್ತಿಗೆ ಒಂದು ಸಂಪರ್ಕ ಇಟ್ಟಿರಬೇಕು. ಊಟದ ಮನೆಯಲ್ಲಿ ಬೇಕಿದ್ದರೆ ಅದು ಬಾರದಿರಲಿ. ಆ ಸಂಜೆಯ ಊಟದ ಸುಖವನ್ನು ನಾನು ಮರೆತಿಲ್ಲ. ಇನ್ನೊಂದು ಮಾತು: ಅತಿಥಿಗೆ ಕೊಟ್ಟ ಮೇಲೆ ದುಡಿಯುವವರಿಗೆ ಮುಚ್ಚಿಡಬಾರದು. ಕಂದಪದ್ಯ ಕಲಿಯಲು ಹುಡುಗನೊಬ್ಬ ಚಳಿಯಲ್ಲಿ ಮರದಡಿ ನಿಲ್ಲಬೇಕೆ?

ಹೊರಡುವಾಗ ಇದನ್ನೆಲ್ಲ ವ್ಯವಸ್ಥಾಪಕರಿಗೆ ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಅಭಿಪ್ರಾಯದ ಪುಸ್ತಕವನ್ನು ಮುಂದಿಟ್ಟರು. ಬರೆಯಲು ಕುಳಿತೆ. ನನ್ನ ತಪ್ಪನ್ನೂ ಬರೆದೆ: ಮಡದಿಯ ಮಾತಿಗೆ ಕಿವಿಗೊಡದೆ ಉಪದೇಶ ಮಾಡಿದವನು ನಾನೇ.

ಕಾರು ಗೇಟು ದಾಟಿತು. ಹಗಲ ಬೆಳಕಿನಲ್ಲಿ ಆ ಹುಣಿಸೆಮರ ಎಲ್ಲ ಹುಣಿಸೆಮರಗಳಂತೆಯೇ ಇತ್ತು. ತಂದೆಯವರು ಕಿಟಕಿಯಿಂದ ಅದನ್ನು ನೋಡಿ, ಮಗಳ ಕಡೆ ತಿರುಗಿ, “ನೋಡು ಮಗೂ, ಅರವಟ್ಟಿಗೆ” ಎಂದರು. ಅವಳಿಗೆ ಆ ಪದ ತಿಳಿಯದು. ಊರು ಸೇರುವವರೆಗೂ ಅದರ ಅರ್ಥವನ್ನು ಹೇಳುತ್ತಲೇ ಇದ್ದೆವು.