ಮೂರು ಅಂಗಡಿ, ಒಂದೇ ರೇಟು

ಮಳೆ ಹಿಡಿದ ರಾತ್ರಿ ಒಲೆಯ ಸುತ್ತ ಕೂತಾಗ ನಮ್ಮ ಮನೆಯ ಹುಡುಗರು ಮತ್ತೆ ಮತ್ತೆ ಕೇಳುವುದು 2001ರ ಬೇಸಿಗೆಯ ಕಥೆಯನ್ನು. ಅದು ಅರ್ಥವಾಗಬೇಕಾದರೆ ಅದಕ್ಕೂ ಹಿಂದಿನ ಕಾಲ ಗೊತ್ತಿರಬೇಕು.

ನಮ್ಮ ಹಿರಿಯರಿಗೆ ರೇಟು ಕೇಳುವ ಕೆಲಸವೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದ ಮೇಲೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಾಯಿತು. ಹರಾಜು ಹಾಕುವುದು ಬೋರ್ಡು. ಬೆಳೆಗಾರನಿಗೆ ಪಾಯಿಂಟಿನ ಲೆಕ್ಕದಲ್ಲಿ ಹಣ ಕಂತು ಕಂತಾಗಿ ಬರುತ್ತಿತ್ತು. ಕಂತಿಗೆ ಕಾದು ಕಾದು ಬೈಯದವರಿಲ್ಲ. ಹೊರಗಡೆ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಿತ್ತು. ಬೆಳೆಯುವ ದೇಶ, ಕೊಳ್ಳುವ ದೇಶ ಎರಡೂ ಕೂತು, ಯಾರು ಎಷ್ಟು ರಫ್ತು ಮಾಡಬೇಕೆಂದು ಕೋಟಾ ಗೊತ್ತುಮಾಡಿ ಬೆಲೆ ಬೀಳದಂತೆ ತಡೆದಿದ್ದವು. 1989ರ ಜುಲೈಯಲ್ಲಿ ಪಾಲಿನ ಜಗಳ ಬಗೆಹರಿಯದೆ ಆ ಕೋಟಾ ಬಿದ್ದುಹೋಯಿತು, ಅದರ ಜೊತೆಗೆ ಬೆಲೆಯೂ ಬಿತ್ತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೂ 1991ರಲ್ಲಿ ಇಲ್ಲವಾಯಿತು.

ಪೂಲ್ ಸಡಿಲವಾಗತೊಡಗಿದ್ದು ಆಮೇಲೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ತೋಟಗಳು ಸುಟ್ಟಾಗ ದರ ಏರಿದ್ದನ್ನು ಕೊಡಗು ಮರೆತಿಲ್ಲ. ಎಷ್ಟು ಹೊಸ ಮನೆ, ಎಷ್ಟು ಜೀಪು! 1996ರಲ್ಲಿ ಪೂಲ್ ಪೂರ್ತಿ ಹೋಯಿತು. ಇನ್ನು ನಮ್ಮ ಕಾಫಿ ನಾವೇ ಮಾರಬಹುದು ಎಂದು ಊರೆಲ್ಲ ಸಂಭ್ರಮಪಟ್ಟಿತು. ಮಾರುವವರು ಸಾವಿರಾರು ಮಂದಿ, ಕೊಳ್ಳುವವರು ಬೆರಳೆಣಿಕೆ ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ.

2001ರ ಹೊತ್ತಿಗೆ ವಿಯೆಟ್ನಾಂನ ರೊಬಸ್ಟಾ ಕಾಫಿ ಪ್ರಪಂಚವನ್ನೇ ತುಂಬಿತ್ತು. ಬೆಳೆಯುವ ದೇಶಗಳು 1993ರಲ್ಲಿ ತಮ್ಮದೇ ಸಂಘ ಕಟ್ಟಿ, 2000ದಲ್ಲಿ ರಫ್ತಿನ ಶೇಕಡಾ 20 ಹಿಡಿದಿಡೋಣ ಎಂದು ತೀರ್ಮಾನಿಸಿದ್ದವು. ಹಿಡಿದವರು ಕಡಿಮೆ. ಪಕ್ಕದವನು ಹಿಡಿದರೆ ಸಾಕು, ನಾನು ಮಾರಿಕೊಳ್ಳುತ್ತೇನೆ ಎಂಬುದೇ ಎಲ್ಲರ ಲೆಕ್ಕ. 2002ರ ಆರಂಭದಲ್ಲಿ ಆ ಸಂಘ ಬಾಗಿಲು ಹಾಕಿತು.

ಆ ಬೇಸಿಗೆ ಕಣದಲ್ಲಿ ಕಾಫಿ ಚೆರಿ ಒಣಗಿದ ಮೇಲೆ ದೊಡ್ಡಪ್ಪನ ಜೊತೆ ಸ್ಯಾಂಪಲ್ ಹಿಡಿದು ಗೋಣಿಕೊಪ್ಪಕ್ಕೆ ಹೋದೆ. ಮೊದಲ ಅಂಗಡಿಯವರು ಸ್ಯಾಂಪಲ್ ಕುಟ್ಟಿ, ಊದಿ, ತೂಗಿ ರೇಟು ಹೇಳಿದರು. ಎರಡನೆಯ ಅಂಗಡಿಯಲ್ಲಿ ಅದೇ ರೇಟು. ಮೂರನೆಯವರು ಸ್ಯಾಂಪಲ್ ಮುಟ್ಟಲೂ ಇಲ್ಲ. "ಕೂತ್ಕೊಳ್ಳಿ ಅಣ್ಣ, ಕಾಫಿ ಕುಡೀರಿ" ಎಂದು ದೊಡ್ಡಪ್ಪನನ್ನು ಕೂರಿಸಿ ಅದೇ ಅಂಕಿ ಹೇಳಿದರು.

"ನೋಡದೇನೇ ಹೇಗೆ ಹೇಳಿದ್ರಿ?" ಎಂದರು ದೊಡ್ಡಪ್ಪ.

"ನಿಮ್ಮ ಕಾಫಿ ನಂಗೆ ಗೊತ್ತಿಲ್ವಾ ಅಣ್ಣ."

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದರು. ಚೆರಿ ಮಾರದೆ ಮನೆಗೆ ಬಂದೆವು.

ಮೂವರ ರೇಟು ಒಂದೇ ಇದ್ದ ಮಾತ್ರಕ್ಕೆ ಒಳಒಪ್ಪಂದ ಎನ್ನಲಾಗದು. ನಮ್ಮ ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯ ದರವೇ ಆಧಾರ, ಅದು ಎಲ್ಲರಿಗೂ ಒಂದೇ. ದೊಡ್ಡಪ್ಪ ಹಾಗಾಗಿ ದೂರಲಿಲ್ಲ. ಪೇಪರಿನಲ್ಲಿ ಬರುವ ಲಂಡನ್ ದರವನ್ನು, ಅಂಗಡಿಯ ದರವನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋದರು. ಲಂಡನ್ ಇಳಿದ ಮರುದಿನವೇ ಮೂರೂ ಅಂಗಡಿ ಇಳಿಸುತ್ತಿದ್ದವು. ಲಂಡನ್ ಏರಿದರೆ "ನೋಡೋಣ, ನಿಲ್ಲುತ್ತೋ ಇಲ್ವೋ" ಎಂದು ಮೂರೂ ಕಾಯುತ್ತಿದ್ದವು. ನನ್ನ ಕಣ್ಣು ತೆರೆಸಿದ್ದು ಆ ಕ್ಯಾಲೆಂಡರು. ಇಳಿಸುವುದಕ್ಕೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಏರಿಸದೆ ಇರುವುದಕ್ಕೆ ಮೂವರೂ ಒಟ್ಟಿಗೆ ಸುಮ್ಮನಿರಬೇಕು.

ಅವರ ಆಟ ಮುರಿದದ್ದು ಗಡಿಯ ಊರಾದ ಕುಟ್ಟದ ಕಡೆಯಿಂದ. ವಯನಾಡಿನ ವ್ಯಾಪಾರಿಯೊಬ್ಬರು ಗಡಿ ದಾಟಿ ಬಂದು, ಒಂದು ಕೊಟ್ಟಿಗೆ ಬಾಡಿಗೆಗೆ ಹಿಡಿದು, ಚೀಲಕ್ಕೆ 40 ರೂಪಾಯಿ ಜಾಸ್ತಿ ಎಂದರು. ದಕ್ಷಿಣ ಕೊಡಗಿನ ಜೀಪುಗಳೆಲ್ಲ ಅತ್ತ ತಿರುಗಿದವು. ಒಂದು ವಾರ ಕಳೆಯುವಷ್ಟರಲ್ಲಿ ಗೋಣಿಕೊಪ್ಪದ ಮೂರೂ ಅಂಗಡಿಯಲ್ಲಿ ಅದೇ 40 ಏರಿತು. ಅಷ್ಟು ಕೊಡುವ ಶಕ್ತಿ ಮೊದಲೇ ಇತ್ತು, ಕೊಟ್ಟಿರಲಿಲ್ಲ ಅಷ್ಟೇ. ನಮ್ಮ ಚೆರಿ ಆಗ ಮಾರಿದೆವು.

ಈ ಕಥೆಯಲ್ಲಿ ನನಗೆ ಇಂದಿಗೂ ನೋವಾಗುವುದು ಮುಂದಿನ ವರ್ಷದ್ದು. ಕುಟ್ಟಕ್ಕೆ ಆ ವ್ಯಾಪಾರಿ ಬಂದರು, ಆದರೆ ಅವರ ರೇಟೂ ಗೋಣಿಕೊಪ್ಪದ ರೇಟೇ ಆಗಿತ್ತು. ಅವರವರೊಳಗೆ ಮಾತಾಗಿತ್ತೋ, ಏರಿಸಿದರೆ ಉಳಿದವರೂ ಏರಿಸುತ್ತಾರೆ, ತಮಗೆ ಲಾಭವಿಲ್ಲ ಎಂದು ತಾವೇ ತಿಳಿದುಕೊಂಡರೋ. ಯಾವುದಾದರೂ ಬೆಳೆಗಾರನ ಕೈಗೆ ಬಂದ ಹಣ ಅಷ್ಟೇ. ಸಾಲ ತೀರಿಸಲಾಗದೆ ತೋಟ ಮಾರಿದವರನ್ನು ಆ ಎರಡು ಮೂರು ವರ್ಷ ನಾನು ಕಣ್ಣಾರೆ ಕಂಡಿದ್ದೇನೆ. ವಿಯೆಟ್ನಾಂ ತಂದ ಕುಸಿತವನ್ನು ನಮ್ಮಿಂದ ತಡೆಯಲಾಗುತ್ತಿರಲಿಲ್ಲ. ಅದರ ಮೇಲೆ ನಮ್ಮೂರಿನಲ್ಲೇ ಚೀಲಕ್ಕೆ 40 ರೂಪಾಯಿ ಕಳೆದದ್ದು ಅನ್ಯಾಯ.

ಈಗ ಕಾನೂನಿದೆ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಬೆಲೆ ಗೊತ್ತುಮಾಡುವ ಒಪ್ಪಂದ ಕಾಗದದಲ್ಲೇ ಇರಬೇಕೆಂದಿಲ್ಲ, ಬಾಯಿಮಾತಿನದಾದರೂ ತಪ್ಪೇ. ಇಂಥ ಕಾರ್ಟೆಲ್‌ಗಳ ಮೇಲಿನ ಅದರ ನಿಯಮ 2009ರ ಮೇ ತಿಂಗಳಿಂದ ಜಾರಿಯಲ್ಲಿದೆ, ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ಆದರೆ ಸುಮ್ಮನೆ ಒಬ್ಬರನ್ನೊಬ್ಬರು ನೋಡಿಕೊಂಡು ರೇಟು ಇಡುವವರನ್ನು ಹಿಡಿಯುವುದು ಕಾನೂನಿಗೂ ಕಷ್ಟ. ಅದಕ್ಕೇ ಹುಡುಗರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. 50 ಕಿಲೋ ಚೆರಿಯಲ್ಲಿ ಎಷ್ಟು ಬೇಳೆ ಬರುತ್ತದೆ ಎಂಬ ಔಟ್‌ಟರ್ನನ್ನೂ ತೇವವನ್ನೂ ಅಂಗಡಿಗೆ ಹೋಗುವ ಮೊದಲು ನೀವೇ ನೋಡಿಸಿ. ಬೋರ್ಡು ದಿನವೂ ಪ್ರಕಟಿಸುವ ದರವನ್ನು ಅಂಗಡಿಯ ದರದ ಪಕ್ಕ ಬರೆದಿಡಿ. ಅಕ್ಕಪಕ್ಕದ ಸಣ್ಣ ಬೆಳೆಗಾರರು ಸೇರಿ ಒಂದೇ ಲಾರಿ ಲೋಡು ಮಾಡಿ ಕ್ಯೂರಿಂಗ್‌ಗೆ ಕಳಿಸಿ. ಹತ್ತು ಚೀಲದವನಿಗೆ ಹೇಳುವ ರೇಟನ್ನು ಲಾರಿ ಲೋಡಿನವನಿಗೆ ಯಾರೂ ಹೇಳುವುದಿಲ್ಲ.